ಅತ್ತೆಯವರ ರಿಪೋರ್ಟೂ ನಮ್ಮ ಮನೆಯ ಗುಳಿಗೆ ಡಬ್ಬಿಯೂ



ಹೋದ ವರ್ಷ ಶ್ರಾವಣದಲ್ಲಿ ನಮ್ಮ ಅತ್ತೆಯವರಿಗೆ ಉರಿಮೂತ್ರ ಶುರುವಾಯಿತು. ಅವರಿಗೆ 78 ವರ್ಷ. ಈ ತೊಂದರೆ ಅವರಿಗೇನೂ ಹೊಸದಲ್ಲ, ವರ್ಷಕ್ಕೆ ಎರಡು ಮೂರು ಸಲ ಬಂದು ಹೋಗುವಂಥದು. ಬಂದಾಗಲೆಲ್ಲ ಅವರದೊಂದೇ ಮಾತು: "ಆ ಡಬ್ಬ್ಯಾಗಿಂದ ಒಂದು ಗುಳಿಗಿ ಕೊಡವಾ, ಸಂಜಿ ಅನ್ನೂದ್ರಾಗ ಆರಾಮ ಆಗ್ತದ." ನಾನು ಅಡಿಗೆಮನೆಯ ಕಪಾಟಿನಿಂದ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ ಇಳಿಸಿ, ಹಿಂದಿನ ಸಲ ಉಳಿದ ಸ್ಟ್ರಿಪ್ಪಿನಿಂದ ಒಂದು ಗುಳಿಗೆ ಬಿಡಿಸಿ ಕೊಡುತ್ತಿದ್ದೆ. ಮರುದಿನ ಇನ್ನೊಂದು. ಉರಿ ಕಡಿಮೆಯಾಯಿತೆಂದರೆ ಉಳಿದದ್ದು ಮತ್ತೆ ಡಬ್ಬಿಗೆ. ಏನನ್ನೂ ದಂಡ ಮಾಡದ ಗೃಹಿಣಿ ಎಂದು ನನಗೆ ಹೆಮ್ಮೆ ಬೇರೆ!

ಈ ಸಲ ಸಂಜೆಯಾದರೂ ಆರಾಮ ಆಗಲಿಲ್ಲ. ಮೂರನೆಯ ದಿನ ಹಲ್ಲು ಕಟಕಟಿಸುವ ಚಳಿ, 103 ಡಿಗ್ರಿ ಜ್ವರ, ಬಲಗಡೆ ಬೆನ್ನಿನಲ್ಲಿ ನೋವು. ರಾತ್ರಿ ಹನ್ನೊಂದರ ಹೊತ್ತಿಗೆ ನನ್ನನ್ನು ಗುರುತಿಸದೆ, ತೀರಿಹೋದ ತಮ್ಮ ತಂಗಿಯ ಹೆಸರು ಹಿಡಿದು ಕರೆಯತೊಡಗಿದರು. ನಮ್ಮವರು ರಿಕ್ಷಾ ತಂದರು. ಆಸ್ಪತ್ರೆಗೆ ಸೇರಿಸಿದೆವು. ಸೋಂಕು ಮೂತ್ರಕೋಶದಿಂದ ಮೇಲೇರಿ ಮೂತ್ರಪಿಂಡಕ್ಕೆ ಹೋಗಿತ್ತು. ಮೂತ್ರದ ಕಲ್ಚರ್ ಪರೀಕ್ಷೆಗೆ ಕೊಟ್ಟು ಎರಡು ದಿನ ಕಳೆದ ಮೇಲೆ ಒಂದು ಹಾಳೆ ನನ್ನ ಕೈಗೆ ಬಂತು. ಮೇಲೆ ರೋಗಾಣುವಿನ ಹೆಸರು: ಇ. ಕೋಲೈ. ಕೆಳಗೆ ಹನ್ನೆರಡು ಔಷಧಿಗಳ ಹೆಸರು, ಪ್ರತಿಯೊಂದರ ಮುಂದೆ ಒಂದೇ ಅಕ್ಷರ. ಏಳರ ಮುಂದೆ 'ಆರ್', ಐದರ ಮುಂದೆ 'ಎಸ್'. ಆರ್ ಎಂದರೆ ಆ ಔಷಧಿಗೆ ರೋಗಾಣು ಜಗ್ಗುವುದಿಲ್ಲ. ಎಸ್ ಎಂದರೆ ಜಗ್ಗುತ್ತದೆ.

ನಾನು ಡಾಕ್ಟರಳಲ್ಲ. ಧಾರವಾಡದಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿ, ಮದುವೆಯಾಗಿ ಪಿಂಪ್ರಿಗೆ ಬಂದವಳು. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಹತ್ತು ದಿನ ಕೂತವಳಿಗೆ ಓದಲು ಆ ಹಾಳೆಯೊಂದೇ ಇತ್ತು. ಒಂದೊಂದೇ ಹೆಸರನ್ನು ಡಾಕ್ಟರ್ ಬಾಯಿಯವರಿಗೆ ಕೇಳಿದೆ, ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ. ಅದನ್ನು ನಿಮಗೇ ಏಕೆ ಹೇಳುತ್ತಿದ್ದೇನೆ ಎಂದರೆ, ನಮ್ಮ ಮನೆಗಳಲ್ಲಿ ಈಗ ಔಷಧಿ ತರಿಸುವವರು ನೀವು. ಅಜ್ಜಿ ಮಂಚದಿಂದ ಕೂಗುತ್ತಾರೆ, ನೀವು ಮೊಬೈಲಿನಲ್ಲಿ ಎರಡು ಸಲ ಒತ್ತುತ್ತೀರಿ, ಗುಳಿಗೆ ಬಾಗಿಲಿಗೆ ಬರುತ್ತದೆ. ಸ್ಟ್ರಿಪ್ಪಿನ ಮೇಲಿನ ಇಂಗ್ಲಿಷು ಅಜ್ಜಿಗೆ ಬಾರದು. "ಇದು ಬೇಡ ಅಜ್ಜಿ" ಎಂದು ಕನ್ನಡದಲ್ಲಿ ತಿಳಿಸಿ ಹೇಳುವ ಶಬ್ದಗಳು ನಿಮ್ಮ ಹತ್ತಿರ ಇಲ್ಲ. ಆದ್ದರಿಂದ ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದವರೂ ಈ ಹಿರಿಯಳ ಅಡಿಗೆಮನೆ ಭಾಷೆಯನ್ನು ಸ್ವಲ್ಪ ಸಹಿಸಿಕೊಳ್ಳಬೇಕು.

ಮೊದಲು ಆ ಅಕ್ಷರಗಳು ಎಲ್ಲಿಂದ ಬಂದವು ನೋಡಿ. ರೋಗಿಯ ಮೂತ್ರದಿಂದ ಬೆಳೆಸಿದ ರೋಗಾಣುಗಳನ್ನು ಒಂದು ತಟ್ಟೆಯಲ್ಲಿ, ದೋಸೆ ಹಿಟ್ಟು ಹರಡಿದ ಹಾಗೆ, ಪೋಷಕ ಪದಾರ್ಥದ ಮೇಲೆ ಸವರುತ್ತಾರೆ. ಅದರ ಮೇಲೆ ಬೇರೆ ಬೇರೆ ಆ್ಯಂಟಿಬಯೋಟಿಕ್ ಹೀರಿದ ಬಿಂದಿಯಷ್ಟು ಅಗಲದ ಕಾಗದದ ಚೂರುಗಳನ್ನಿಟ್ಟು, ಒಂದು ರಾತ್ರಿ ಬೆಚ್ಚಗಿಡುತ್ತಾರೆ. ಬೆಳಿಗ್ಗೆ ಯಾವ ಚೂರಿನ ಸುತ್ತ ರೋಗಾಣು ಬೆಳೆಯದೆ ದುಂಡಗೆ ಬಯಲಾಗಿದೆಯೋ ಅದರ ಅಗಲ ಅಳೆದು ಎಸ್ ಬರೆಯುತ್ತಾರೆ. ಚೂರಿನ ಅಂಚಿನವರೆಗೂ ದಟ್ಟವಾಗಿ ಬೆಳೆದಿದ್ದರೆ ಆರ್. ದೊಡ್ಡ ಪ್ರಯೋಗಾಲಯಗಳಲ್ಲಿ ಈಗ ಯಂತ್ರ ಈ ಕೆಲಸ ಮಾಡುತ್ತದೆ, ಆದರೆ ಮೂಲ ಯುಕ್ತಿ ಇದೇ.

ಹಾಳೆಯ ಮೊದಲ ಹೆಸರು ಆ್ಯಂಪಿಸಿಲಿನ್. ಪೆನಿಸಿಲಿನ್ ಮನೆತನದ್ದು. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ತಟ್ಟೆಯಲ್ಲಿ ಬೂಷ್ಟು ಬೆಳೆದು ಸುತ್ತಲಿನ ರೋಗಾಣು ಕರಗಿದ ಕತೆ ನೀವು ಶಾಲೆಯಲ್ಲೇ ಓದಿದ್ದೀರಿ. ಅದು ಹೇಗೆ ಕೊಲ್ಲುತ್ತದೆ ಎಂಬುದನ್ನು ಮಾತ್ರ ನನಗೆ ಯಾರೂ ಕಲಿಸಿರಲಿಲ್ಲ. ಬ್ಯಾಕ್ಟೀರಿಯಾದ ಸುತ್ತ ಹೆಣಿಗೆಯಂಥ ಒಂದು ಗಟ್ಟಿ ಗೋಡೆಯುಂಟು. ಒಳಗಿನ ಒತ್ತಡಕ್ಕೆ ಅದು ಒಡೆಯದಿರುವುದು ಆ ಗೋಡೆಯಿಂದ. ಬ್ಯಾಕ್ಟೀರಿಯಾ ಬೆಳೆದು ಎರಡಾಗುವಾಗ ಗೋಡೆಯನ್ನು ಬಿಚ್ಚಿ ಮತ್ತೆ ಹೆಣೆಯಬೇಕು. ಹಾಗೆ ಅಡ್ಡ ಎಳೆಗಳನ್ನು ಗಂಟು ಹಾಕುವ ಕೈಯನ್ನೇ ಪೆನಿಸಿಲಿನ್ ಹೋಗಿ ಹಿಡಿದುಬಿಡುತ್ತದೆ. ಗೋಡೆ ಸಡಿಲಾಗಿ, ನೀರು ನುಗ್ಗಿ, ರೋಗಾಣು ಒಡೆದುಹೋಗುತ್ತದೆ. ನಮ್ಮ ದೇಹದ ಜೀವಕೋಶಕ್ಕೆ ಈ ಗೋಡೆಯೇ ಇಲ್ಲ. ಅಲರ್ಜಿ ಇದ್ದವರನ್ನು ಬಿಟ್ಟರೆ ಪೆನಿಸಿಲಿನ್ ನಮಗೆ ಇಷ್ಟು ಸೌಮ್ಯವಾಗಿರುವುದು ಅದಕ್ಕೇ.

ಸೌಮ್ಯವಾದರೂ ಅದು ಎಷ್ಟು ದುರ್ಲಭವಾಗಿತ್ತು ಗೊತ್ತೇ? 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಅದನ್ನು ಕೊಟ್ಟರು. ಮೈಯೆಲ್ಲ ಕೀವು ತುಂಬಿದ ಮನುಷ್ಯ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡ. ಆದರೆ ಔಷಧಿ ಮುಗಿಯಿತು. ಅವನ ಮೂತ್ರದಿಂದಲೇ ಪೆನಿಸಿಲಿನ್ ಸೋಸಿ ತೆಗೆದು ಮತ್ತೆ ಅವನಿಗೇ ಕೊಟ್ಟರೂ ಸಾಲದೆ ಹೋಯಿತು. ಅವನು ಉಳಿಯಲಿಲ್ಲ. ನಾನು ಡಬ್ಬಿಯಲ್ಲಿ ತುಂಬಿಟ್ಟ ಅರ್ಧರ್ಧ ಸ್ಟ್ರಿಪ್ಪುಗಳನ್ನು ನೆನೆದು ಇದನ್ನೋದುವಾಗ ನನಗೆ ಹೇಗಾಗಿರಬೇಡ.

ಪಿಂಪ್ರಿಯವಳಾಗಿ ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ನಾನು ದಿನಾ ಬಸ್ಸಿನಲ್ಲಿ ದಾಟುವ ಹಿಂದುಸ್ತಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆ 1954ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಸ್ಥಾಪನೆಯಾದದ್ದು. ಪೆನಿಸಿಲಿನ್ ನಮ್ಮ ದೇಶದಲ್ಲೇ ತಯಾರಾಗಲೆಂದು ಸರಕಾರ ಕಟ್ಟಿದ ಕಾರ್ಖಾನೆ. ಅಲ್ಲಿ ಸಂಶೋಧನೆ ನಡೆಸಿದ ಶಿಲೀಂಧ್ರ ವಿಜ್ಞಾನಿ ಎಂ. ಜೆ. ತಿರುಮಲಾಚಾರ್ ನಮ್ಮ ಕರ್ನಾಟಕದವರು. ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಹ್ಯಾಮೈಸಿನ್ ಎಂಬ ಔಷಧಿ ಅಲ್ಲಿ ಹೊರಬಂತು. ಅದು ಬ್ಯಾಕ್ಟೀರಿಯಾಕ್ಕಲ್ಲ, ಬೂಷ್ಟಿನ ಜಾತಿಯ ಸೋಂಕಿಗೆ. ಆ ಸೂಕ್ಷ್ಮಜೀವಿಯ ಶಾಸ್ತ್ರೀಯ ಹೆಸರು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ! ನಮ್ಮ ಊರಿನ ಹೆಸರು ಹೊತ್ತ ಸೂಕ್ಷ್ಮಜೀವಿ ಇದೆಯೆಂದು ಮೂವತ್ತು ವರ್ಷ ಇಲ್ಲಿದ್ದೂ ನನಗೆ ತಿಳಿದಿರಲಿಲ್ಲ.

ಮತ್ತೆ ಹಾಳೆಗೆ ಬರೋಣ. ಆ್ಯಂಪಿಸಿಲಿನ್ ಮುಂದೆ ಆರ್. ಕಾರಣ, ಪೆನಿಸಿಲಿನ್ನನ್ನೇ ಕತ್ತರಿಸಿ ಹಾಕುವ ಕಿಣ್ವವನ್ನು ಬ್ಯಾಕ್ಟೀರಿಯಾಗಳು ತಯಾರಿಸುತ್ತವೆ. ಇದು 1940ರಲ್ಲೇ, ಔಷಧಿ ಬಳಕೆಗೆ ಬರುವ ಮುಂಚೆಯೇ ಪತ್ತೆಯಾಗಿತ್ತು. ಎರಡನೆಯ ಹೆಸರು ಅಮಾಕ್ಸಿಸಿಲಿನ್ ಜೊತೆಗೆ ಕ್ಲಾವುಲಾನಿಕ್ ಆಮ್ಲ. ಈ ಆಮ್ಲ ಸ್ವತಃ ಹೆಚ್ಚೇನೂ ಕೊಲ್ಲದು. ಕತ್ತರಿಯ ಬಾಯಿಗೆ ತಾನು ಸಿಕ್ಕಿಕೊಂಡು ಅದನ್ನು ಕೆಡಿಸುತ್ತದೆ, ಅಷ್ಟರಲ್ಲಿ ಅಮಾಕ್ಸಿಸಿಲಿನ್ ಕೆಲಸ ಮುಗಿಸುತ್ತದೆ. ಅದರ ಮುಂದೆಯೂ ಆರ್. ಮೂರನೆಯದು, ನಾಲ್ಕನೆಯದು ಸೆಫಿಕ್ಸೀಮ್ ಮತ್ತು ಸೆಫ್ಟ್ರಯಾಕ್ಸೋನ್. ಇವು ಪೆನಿಸಿಲಿನ್ನಿನ ದಾಯಾದಿಗಳು, ಇವೂ ಗೋಡೆಯ ಕೆಲಸದವೇ. 1945ರಲ್ಲಿ ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಬ್ರೋಟ್ಸು ಎಂಬವರು ಕೊಳಚೆ ನೀರು ಸಮುದ್ರ ಸೇರುವ ಜಾಗದಿಂದ ಹೆಕ್ಕಿ ತಂದ ಶಿಲೀಂಧ್ರವೇ ಈ ಮನೆತನದ ಮೂಲ. ವಿಷಮಶೀತ ಜ್ವರಕ್ಕೆ, ಮೆದುಳಿನ ಪೊರೆಯ ಸೋಂಕಿಗೆ, ಎಷ್ಟೋ ಶಸ್ತ್ರಚಿಕಿತ್ಸೆಗಳಿಗೆ ಇಂದು ಇವೇ ಆಧಾರ. ಅವುಗಳ ಮುಂದೂ ಆರ್, ಆರ್. ಕೆಳಗೆ ಷರಾ: ಇ.ಎಸ್.ಬಿ.ಎಲ್. ಅಂದರೆ ದಾಯಾದಿಗಳನ್ನೂ ಕತ್ತರಿಸಬಲ್ಲ ದೊಡ್ಡ ಕತ್ತರಿ ಈ ರೋಗಾಣುವಿನ ಕೈಗೆ ಬಂದಿದೆ.

ಐದನೆಯದು ಕೋಟ್ರೈಮಾಕ್ಸಜೋಲ್, ಹಳೆಯ ಸಲ್ಫಾ ಔಷಧಿಯ ವಂಶ. ಇದರ ಉಪಾಯ ನನಗೆ ಬಹಳ ಹಿಡಿಸಿತು. ಬ್ಯಾಕ್ಟೀರಿಯಾಕ್ಕೂ ನಮಗೂ ಫೋಲೇಟ್ ಎಂಬ ಜೀವಸತ್ವ ಬೇಕೇ ಬೇಕು. ಲ್ಯಾಟಿನ್ನಿನಲ್ಲಿ ಫೋಲಿಯಂ ಎಂದರೆ ಎಲೆ. ನಾವು ಮೆಂತ್ಯ, ಪಾಲಕ ತಿಂದು ಅದನ್ನು ಪಡೆಯುತ್ತೇವೆ. ಬ್ಯಾಕ್ಟೀರಿಯಾ ಹೊರಗಿನಿಂದ ತರಲಾರದು, ತಾನೇ ಮಾಡಿಕೊಳ್ಳಬೇಕು. ಆ ತಯಾರಿಕೆಯ ಎರಡು ಹಂತಗಳನ್ನು ಈ ಜೋಡಿ ಔಷಧಿ ತಡೆಯುತ್ತದೆ. ಮೊದಲ ಸಲ್ಫಾ ಔಷಧಿ ಕಂಡುಹಿಡಿದ ಜರ್ಮನಿಯ ಡೋಮಾಕ್, ಸೂಜಿ ಚುಚ್ಚಿ ಕೈ ನಂಜಾದ ತನ್ನ ಮಗಳಿಗೇ ಅದನ್ನು ಕೊಟ್ಟು ಬದುಕಿಸಿಕೊಂಡರು. 1939ರ ನೊಬೆಲ್ ಅವರದು. ನಮ್ಮ ಹಾಳೆಯಲ್ಲಿ ಮಾತ್ರ ಆರ್.

ಆರು, ಏಳು: ಸಿಪ್ರೋಫ್ಲಾಕ್ಸಸಿನ್, ನಾರ್ಫ್ಲಾಕ್ಸಸಿನ್. ನನ್ನ ಡಬ್ಬಿಯ ಹಳೆಯ ನೆಂಟರು! ಇ. ಕೋಲೈ ತನ್ನ ಮೈಯುದ್ದಕ್ಕಿಂತ ನೂರಾರು ಪಟ್ಟು ಉದ್ದದ ಡಿ.ಎನ್.ಎ. ದಾರವನ್ನು ಒಳಗೆ ಸುತ್ತಿಟ್ಟುಕೊಂಡಿರುತ್ತದೆ. ಕಸೂತಿ ಹಾಕಿದವರಿಗೆ ಗೊತ್ತು, ದಾರ ಎಳೆಯುತ್ತ ಹೋದರೆ ಹುರಿ ಬಿಗಿದು ಗಂಟಾಗುತ್ತದೆ. ಆಗಾಗ ಹುರಿ ಬಿಡಿಸಲೇಬೇಕು. ಬ್ಯಾಕ್ಟೀರಿಯಾದಲ್ಲಿ ಹುರಿ ಬಿಡಿಸುವ ಕಿಣ್ವ ದಾರವನ್ನು ಕತ್ತರಿಸಿ, ಸಡಿಲಿಸಿ, ಮತ್ತೆ ಜೋಡಿಸುತ್ತದೆ. ಈ ಫ್ಲಾಕ್ಸಸಿನ್ನುಗಳು ಕತ್ತರಿಸಿದ ಮೇಲೆ ಜೋಡಿಸಲು ಬಿಡುವುದಿಲ್ಲ. ಒಂದು ಕಾಲಕ್ಕೆ ವಿಷಮಶೀತ ಜ್ವರಕ್ಕೆ, ಉರಿಮೂತ್ರಕ್ಕೆ, ಭೇದಿಗೆ ಎಲ್ಲಕ್ಕೂ ಇವೇ. ಈಗ ನಮ್ಮ ದೇಶದ ವಿಷಮಶೀತ ಜ್ವರದ ರೋಗಾಣು ಇವಕ್ಕೆ ಬಹುಮಟ್ಟಿಗೆ ಹೆದರುವುದಿಲ್ಲ. ಹೈದರಾಬಾದಿನ ಓದುಗರೇ, 2007ರಲ್ಲಿ ಸ್ವೀಡನ್ನಿನ ಸಂಶೋಧಕರು ನಿಮ್ಮ ಪಕ್ಕದ ಪಟಾನ್‌ಚೆರುವಿನಲ್ಲಿ ಔಷಧಿ ಕಾರ್ಖಾನೆಗಳ ತ್ಯಾಜ್ಯ ಸಂಸ್ಕರಿಸಿ ಹೊರಬಿಟ್ಟ ನೀರನ್ನು ಪರೀಕ್ಷಿಸಿದಾಗ, ಗುಳಿಗೆ ನುಂಗಿದವನ ರಕ್ತದಲ್ಲಿರುವುದಕ್ಕಿಂತ ಹೆಚ್ಚು ಸಿಪ್ರೋಫ್ಲಾಕ್ಸಸಿನ್ ಅದರಲ್ಲಿತ್ತು. ಆರ್ ಅಕ್ಷರವನ್ನು ಬರೆಯುವವರು ಗೃಹಿಣಿಯರಷ್ಟೇ ಅಲ್ಲ ಎಂದು ಸ್ವಲ್ಪ ಸಮಾಧಾನಪಟ್ಟುಕೊಂಡೆ.

ಆ ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ. ಡಾಕ್ಟರ್ ಬಾಯಿ ಕೇಳಿದರು, "ಕಳೆದ ಎರಡು ಮೂರು ವರ್ಷಗಳಲ್ಲಿ ಯಾವ ಯಾವ ಗುಳಿಗೆ ಕೊಟ್ಟಿದ್ದೀರಿ?" ಹೆಸರು ನೆನಪಾಗದೆ ಮರುದಿನ ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋದೆ. ಅವರು ಒಂದೂ ಮಾತಾಡದೆ ಸ್ಟ್ರಿಪ್ಪುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಪಕ್ಕದಲ್ಲಿ ಆ ಹಾಳೆ ಇಟ್ಟರು. ನಾರ್ಫ್ಲಾಕ್ಸಸಿನ್, ನಾಲ್ಕು ಉಳಿದಿವೆ. ಆರ್. ಸಿಪ್ರೋಫ್ಲಾಕ್ಸಸಿನ್, ಆರು ಉಳಿದಿವೆ. ಆರ್. ಸೆಫಿಕ್ಸೀಮ್, ಮಗನಿಗೆ ಜ್ವರ ಬಂದಾಗ ತಂದದ್ದು, ಐದು. ಆರ್. ಅಮಾಕ್ಸಿಸಿಲಿನ್ ಕ್ಲಾವುಲಾನಿಕ್, ನಮ್ಮವರ ಹಲ್ಲು ಕೀಳಿಸಿದಾಗಿನದು, ಮೂರು. ಆರ್. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ನಿಂತಿದ್ದೆ. ಅವರು ಬೈಯಲಿಲ್ಲ. "ಇದೊಂದರಿಂದಲೇ ಹೀಗಾಯಿತು ಎಂದು ನಾನು ಹೇಳಲಾರೆ. ಆಸ್ಪತ್ರೆಗಳಿಂದ ಬರುತ್ತದೆ, ನೀರಿನಿಂದ ಬರುತ್ತದೆ. ಆದರೆ ಡಬ್ಬಿಯ ಪಾಲೇ ಇಲ್ಲ ಎಂದೂ ಹೇಳಲಾರೆ" ಎಂದರು.

ಅವರು ವಿವರಿಸಿದ್ದು ಹೀಗೆ. ಇ. ಕೋಲೈ ನಮ್ಮೆಲ್ಲರ ಕರುಳಿನಲ್ಲಿ ತನ್ನ ಪಾಡಿಗೆ ಇರುವ ಜೀವಿ. ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಯಾವ ಆ್ಯಂಟಿಬಯೋಟಿಕ್ ನುಂಗಿದರೂ ಅದು ಕರುಳಿನ ಈ ಜನಸಂಖ್ಯೆಯ ಮೇಲೂ ಬೀಳುತ್ತದೆ. ಸಾಯುವವು ಸಾಯುತ್ತವೆ, ಕತ್ತರಿ ಇದ್ದವು ಉಳಿದು ಜಾಗವನ್ನೆಲ್ಲ ತುಂಬುತ್ತವೆ. ಅಷ್ಟೇ ಅಲ್ಲ, ನಾವು ಕಾಂಪೌಂಡಿನ ಆಚೆ ಈಚೆ ನಿಂತು ಚಟ್ನಿಪುಡಿಯ ಅಳತೆ ಹೇಳಿಕೊಡುವಂತೆ, ಕತ್ತರಿ ಮಾಡುವ ವಿಧಾನವನ್ನು ಅವು ನೆರೆಯವಕ್ಕೂ ದಾಟಿಸುತ್ತವೆ. ಮಗನ ವೈರಸ್ ಜ್ವರಕ್ಕೆ ನಾನು ಕೊಟ್ಟ ಸೆಫಿಕ್ಸೀಮ್ ವೈರಸ್ಸನ್ನು ಮುಟ್ಟಲೇ ಇಲ್ಲ. ವೈರಸ್ಸಿಗೆ ಗೋಡೆಯಿಲ್ಲ, ಅಡಿಗೆಮನೆಯಿಲ್ಲ, ಈ ಔಷಧಿಗಳು ಹಿಡಿಯಲು ಅದರಲ್ಲಿ ಏನೂ ಇಲ್ಲ. ಮುಟ್ಟಿದ್ದು ಅವನ ಕರುಳನ್ನು ಮಾತ್ರ.

ಇನ್ನು ಎಸ್ ಇದ್ದ ಐದು. ಐದಿವೆಯಲ್ಲ ಎಂದು ನಾನು ಸಂತೋಷಪಟ್ಟೆ. ನೈಟ್ರೊಫ್ಯುರಾಂಟಾಯಿನ್ ಹಳೆಯ ಗುಳಿಗೆ. ಬ್ಯಾಕ್ಟೀರಿಯಾದ ಒಳಗೆ ಹೋದ ಮೇಲೆ ಅದರದೇ ಕಿಣ್ವಗಳಿಂದ ವಿಷವಾಗಿ ನಾಲ್ಕು ಕಡೆ ಒಟ್ಟಿಗೆ ಹೊಡೆಯುತ್ತದೆ, ಆದ್ದರಿಂದ ಅದರ ವಿರುದ್ಧ ಏಳುವುದು ರೋಗಾಣುವಿಗೆ ಕಷ್ಟ. ಫಾಸ್ಫೊಮೈಸಿನ್ ನೀರಿನಲ್ಲಿ ಕರಗಿಸಿ ಕುಡಿಯುವ ಪುಡಿ, ಗೋಡೆಯ ಮೊದಲ ಇಟ್ಟಿಗೆಯನ್ನೇ ತಡೆಯುತ್ತದೆ. ಆದರೆ ಬಾಯಿಂದ ತೆಗೆದುಕೊಂಡ ಇವೆರಡೂ ಮೂತ್ರಕೋಶದಲ್ಲಿ ಶೇಖರವಾಗುತ್ತವೆಯೇ ಹೊರತು ಮೂತ್ರಪಿಂಡದ ಮಾಂಸದೊಳಗೆ ಸಾಕಷ್ಟು ಇಳಿಯುವುದಿಲ್ಲ. ನಾನು ಮೊದಲ ದಿನವೇ ಕರೆದುಕೊಂಡು ಹೋಗಿದ್ದರೆ ಇವುಗಳಲ್ಲೊಂದು ಸಾಕಾಗುತ್ತಿತ್ತೋ ಏನೋ. ಮೂರನೆಯ ದಿನಕ್ಕೆ ಕಾಲ ಮೀರಿತ್ತು.

ಅಮಿಕಾಸಿನ್ ಸೂಜಿಮದ್ದು, 1943ರಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿನ್ನಿನ ಸಂಬಂಧಿ. ಇದು ಗೋಡೆಗೆ ಹೋಗುವುದಿಲ್ಲ, ಅಡಿಗೆಮನೆಗೆ ನುಗ್ಗುತ್ತದೆ. ಡಿ.ಎನ್.ಎ. ಎಂಬ ಪುಸ್ತಕ ನೋಡಿ ಪ್ರೋಟೀನ್ ತಯಾರಿಸುವ ಅಡಿಗೆಯವನೊಬ್ಬ ಪ್ರತಿ ಜೀವಕೋಶದಲ್ಲೂ ಇದ್ದಾನೆ, ರೈಬೊಸೋಮ್ ಎಂದು ಹೆಸರು. ಬ್ಯಾಕ್ಟೀರಿಯಾದ ಅಡಿಗೆಯವನ ಮುಖವೇ ಬೇರೆ, ನಮ್ಮವನ ಮುಖವೇ ಬೇರೆ. ಅಮಿಕಾಸಿನ್ ಅವನ ಕಣ್ಣು ತಪ್ಪಿಸಿ ತಪ್ಪುತಪ್ಪು ಓದುವಂತೆ ಮಾಡುತ್ತದೆ. ಒಳ್ಳೆಯ ಔಷಧಿ, ಆದರೆ ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು ಕೊಡಬಲ್ಲದು. ಅತ್ತೆಯವರ ಮೂತ್ರಪಿಂಡ ಮೊದಲೇ ಸೋತಿತ್ತು. ಅದೂ ಬೇಡವಾಯಿತು. ಉಳಿದವು ಎರ್ಟಾಪೆನೆಮ್, ಮೆರೊಪೆನೆಮ್. ಎರಡೂ ಒಂದೇ ಜಾತಿ. ಪೆನಿಸಿಲಿನ್ನಿನ ಕಡೆಯ, ಬಲಿಷ್ಠ ದಾಯಾದಿಗಳು. ಅಂದರೆ ಹನ್ನೆರಡು ಹೆಸರುಗಳಲ್ಲಿ ಅವರಿಗೆಂದು ಉಳಿದದ್ದು ಒಂದೇ ಬಾಗಿಲು. ಅದನ್ನೂ ಮುಚ್ಚಬಲ್ಲ ಕಿಣ್ವಗಳಿವೆ. 2008ರಲ್ಲಿ ದಿಲ್ಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಹೋದ ರೋಗಿಯೊಬ್ಬರಲ್ಲಿ ಪತ್ತೆಯಾದ ಒಂದಕ್ಕೆ ನ್ಯೂ ಡೆಲ್ಲಿ ಎಂದೇ ಹೆಸರಿಟ್ಟು ದೊಡ್ಡ ಗದ್ದಲವಾಯಿತು. ಆಮೇಲೆ ಉಳಿಯುವ ಕೆಲವೇ ಔಷಧಿಗಳಲ್ಲಿ ಕೊಲಿಸ್ಟಿನ್ ಒಂದು, ರೋಗಾಣುವಿನ ಪೊರೆಯನ್ನೇ ಸಾಬೂನಿನಂತೆ ಕೆದಕುವ ಹಳೆಯ, ಒರಟು ಔಷಧಿ. ಅದನ್ನು ಕೋಳಿ, ಜಾನುವಾರುಗಳಿಗೆ ಕೊಡುವುದನ್ನು ನಮ್ಮ ಸರಕಾರ 2019ರಲ್ಲಿ ನಿಷೇಧಿಸಿತು.

"ಎಲ್ಲರಿಗೂ ಗೊತ್ತಿರುವ ಅಜಿಥ್ರೋಮೈಸಿನ್ ಈ ಪಟ್ಟಿಯಲ್ಲೇ ಇಲ್ಲವಲ್ಲ?" ಎಂದು ಕೇಳಿದೆ. ನೀವೂ ಕೇಳುತ್ತಿರಬಹುದು, ಹಾಸ್ಟೆಲಿನ ಮೂರು ದಿನದ ಗುಳಿಗೆ ಅದೇ ತಾನೆ! ಅದೂ ಅಡಿಗೆಯವನನ್ನೇ ಹಿಡಿಯುತ್ತದೆ, ಆದರೆ ಮೂತ್ರದ ಸೋಂಕಿಗೆ ಅದು ಔಷಧಿಯಲ್ಲ. ಕೆಲವು ಜಾತಿಯ ನ್ಯುಮೋನಿಯಾಕ್ಕೆ, ವಿಷಮಶೀತ ಜ್ವರಕ್ಕೆ ಅದು ಬೇಕು. 2020 ಮತ್ತು 2021ರಲ್ಲಿ ಕೋವಿಡ್ಡಿಗೆಂದು ಮನೆಮನೆಯಲ್ಲಿ ನುಂಗಿದೆವು. ದೊಡ್ಡ ಪ್ರಯೋಗಗಳಲ್ಲಿ ಅದರಿಂದ ಕೋವಿಡ್ ರೋಗಿಗಳಿಗೆ ಪ್ರಯೋಜನವೇ ಕಾಣಲಿಲ್ಲ. ಡಾಕ್ಸಿಸೈಕ್ಲಿನ್ ಕೂಡ ಇದೇ ಅಡಿಗೆಮನೆಯ ಬಾಗಿಲಿನದು. ಮುಂಬಯಿಯ ಮಳೆಗಾಲದಲ್ಲಿ ಕೊಳಕು ನೀರಿನಲ್ಲಿ ನಡೆದವರಿಗೆ ಇಲಿಜ್ವರ ಬಾರದಿರಲೆಂದು ಡಾಕ್ಟರು ಕೊಡುವುದು ಅದನ್ನೇ. ಕ್ಷಯಕ್ಕೆ ಬೇರೆಯೇ ಸೈನ್ಯ. ಅದರ ಮುಖಂಡ ರಿಫಾಂಪಿಸಿನ್, ಪುಸ್ತಕದಿಂದ ನಕಲು ತೆಗೆಯುವವನನ್ನೇ ತಡೆಯುತ್ತದೆ, ಮೂತ್ರ ಕಿತ್ತಳೆ ಬಣ್ಣವಾಗುತ್ತದೆ. ಈ ಮನೆತನದ ಹೆಸರು ಬಂದದ್ದು 'ರಿಫಿಫಿ' ಎಂಬ ಫ್ರೆಂಚ್ ಸಿನೆಮಾದಿಂದ! ವಿಜ್ಞಾನಿಗಳೂ ಸಿನೆಮಾ ನೋಡುತ್ತಾರೆ.

ಎಷ್ಟು ದಿನ ತೆಗೆದುಕೊಳ್ಳಬೇಕು ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ. ಎಲ್ಲಕ್ಕೂ ಒಂದೇ ಲೆಕ್ಕವಿಲ್ಲ. ಸ್ಟ್ರೆಪ್ಟೊಕಾಕಸ್ ಗಂಟಲುಬೇನೆಗೆ ಪೆನಿಸಿಲಿನ್ ಸಾಮಾನ್ಯವಾಗಿ ಹತ್ತು ದಿನ, ಏಕೆಂದರೆ ಅದು ಮುಂದೆ ಹೃದಯದ ಕವಾಟಕ್ಕೆ ಹಾನಿ ಮಾಡುವ ಸಂಧಿವಾತ ಜ್ವರಕ್ಕೆ ತಿರುಗಬಹುದು. ಫಾಸ್ಫೊಮೈಸಿನ್ ಸಾದಾ ಉರಿಮೂತ್ರಕ್ಕೆ ಒಂದೇ ಸಲ. ಕ್ಷಯಕ್ಕೆ ಆರು ತಿಂಗಳು. ಹಿಂದೆ ಎರಡು ವಾರ ಕೊಡುತ್ತಿದ್ದ ಕೆಲವಕ್ಕೆ ಈಗ ಐದೋ ಏಳೋ ದಿನ ಸಾಕೆಂದು ಕಂಡುಬಂದಿದೆ. ಆ ಲೆಕ್ಕ ಡಾಕ್ಟರದು. ನನ್ನದೂ ಅಲ್ಲ, ಅತ್ತೆಯವರದೂ ಅಲ್ಲ, ನಿಮ್ಮ ರೂಂಮೇಟಿನದಂತೂ ಅಲ್ಲ. ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಚೀಟಿಯಿಲ್ಲದೆ ಕೊಡಬಾರದ ಔಷಧಿ ಎಂದರ್ಥ. 2016ರಲ್ಲಿ ಸರಕಾರ ಇದನ್ನು ಜನರಿಗೆ ತಿಳಿಸಲು ಪ್ರಚಾರವನ್ನೇ ನಡೆಸಿತು. ನನ್ನ ಡಬ್ಬಿಯ ತುಂಬ ಆ ಗೆರೆಗಳೇ ಇದ್ದವು, ಅಲಂಕಾರಕ್ಕೆ ಹಾಕಿದ್ದಾರೆಂದುಕೊಂಡಿದ್ದೆ.

ಎರ್ಟಾಪೆನೆಮ್ ದಿನಕ್ಕೊಂದರಂತೆ ಹತ್ತು ಸೂಜಿ. ಒಂದೊಂದರ ಬೆಲೆ ಸಾವಿರ ದಾಟಿತ್ತು. ನಾಲ್ಕನೆಯ ದಿನ ಜ್ವರ ಇಳಿಯಿತು. ಐದನೆಯ ದಿನ ಬೆಳಿಗ್ಗೆ ನನ್ನನ್ನು ನನ್ನ ಹೆಸರಿನಿಂದಲೇ ಕರೆದು, ಆಸ್ಪತ್ರೆಯ ಚಹಾದಲ್ಲಿ ಶುಂಠಿ ಇಲ್ಲವೆಂದು ದೂರು ಹೇಳಿದರು. ಅಷ್ಟು ಹಿತವಾದ ದೂರನ್ನು ನಾನು ಇದುವರೆಗೆ ಕೇಳಿಲ್ಲ.

ಡಬ್ಬಿಯಲ್ಲಿ ಈಗ ಥರ್ಮಾಮೀಟರು, ಪ್ಯಾರಾಸಿಟಮಾಲ್, ಓ.ಆರ್.ಎಸ್. ಪುಡಿ ಇವೆ. ಆ ಹಾಳೆಯ ಝೆರಾಕ್ಸ್ ಮುಚ್ಚಳದ ಒಳಬದಿಗೆ ಅಂಟಿಸಿದ್ದೇನೆ. ಮೊನ್ನೆ ನೆಗಡಿಯಾಗಿ ಅತ್ತೆಯವರೇ ಅದನ್ನು ಇಳಿಸಿ ತೆಗೆದರು. ಒಳಗೆ ಇಣುಕಿ, ಮುಚ್ಚಳ ನೋಡಿ, ನನ್ನ ಕಡೆ ತಿರುಗಿದರು: "ಎಲ್ಲಾ ಖಾಲಿ ಮಾಡಿಟ್ಟೀಯಲ್ಲ. ಇರ್ಲಿ, ಒಂದೀಟು ಕಷಾಯರ ಮಾಡು."